ತನ್ನದೇ ಹೆಸರಿನ ಕೆಲಸ: ಸೈನಿಕರ ಸಂಗಾತಿಗಳ ಬದುಕು ಮತ್ತು ಬಳಗ

ಮಾನ್ಯ ಸಭಿಕರೆ,

ಸೈನಿಕರ ಪತ್ನಿಯರ ವಿಷಯ ಬಂದಾಗಲೆಲ್ಲ ವೇದಿಕೆಗಳ ಮೇಲಿಂದ ತ್ಯಾಗ ಮತ್ತು ಸಹನೆಯ ಮಾತುಗಳು ಕೇಳಿಬರುತ್ತವೆ. ಆ ಮಾತುಗಳು ಸುಳ್ಳಲ್ಲ. ಆದರೆ ಅವನ್ನು ಕೇಳಿ ಮನೆಗೆ ಮರಳಿದ ಹೆಣ್ಣುಮಗಳಿಗೆ ಮರುದಿನ ಬೆಳಗ್ಗೆ ತನ್ನ ದಿನವನ್ನು ಯಾವುದಕ್ಕೆ ಕೊಡಬೇಕು, ಯಾರೊಡನೆ ಕಳೆಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಗಂಡ ದೂರದ ನೆಲೆಯಲ್ಲಿದ್ದಾನೆ, ಊರು ಹೊಸದು, ಕಷ್ಟಪಟ್ಟು ಓದಿದ ಓದಿಗೆ ಇಲ್ಲಿ ಕೆಲಸ ಸಿಗುತ್ತಿಲ್ಲ, ಪಕ್ಕದ ಮನೆಯವರ ಪರಿಚಯ ಗಟ್ಟಿಯಾಗುವಷ್ಟರಲ್ಲಿ ಅವರಿಗೋ ತಮಗೋ ವರ್ಗಾವಣೆಯ ಆದೇಶ ಬರುತ್ತದೆ. ಇಂದಿನ ಉಪನ್ಯಾಸದಲ್ಲಿ ಹೊಗಳಿಕೆಯನ್ನು ಬದಿಗಿಟ್ಟು ಈ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳಲು ಬಯಸುತ್ತೇನೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬದುಕಿನ ಗುರಿಯನ್ನು ಒಬ್ಬಳೇ ಕುಳಿತು ಹುಡುಕಿಕೊಂಡು, ಅದು ಸಿಕ್ಕ ಮೇಲೆ ಬಳಗ ಕಟ್ಟಿಕೊಳ್ಳುತ್ತೇನೆ ಎಂದು ಕಾಯುವವರಿಗೆ ಸೈನಿಕ ಜೀವನ ಅಷ್ಟು ಬಿಡುವು ಕೊಡುವುದಿಲ್ಲ. ಇನ್ನೊಬ್ಬರಿಗೆ ನಿಜವಾಗಿ ಬೇಕಾದ ಕೆಲಸವೊಂದನ್ನು ಹೊಣೆಯಾಗಿ ವಹಿಸಿಕೊಂಡಾಗ ಗುರಿಯೂ ಬಳಗವೂ ಒಟ್ಟಿಗೇ ಬೆಳೆಯುತ್ತವೆ. ಇದಕ್ಕೆ ಒಂದು ಷರತ್ತಿದೆ. ಆ ಕೆಲಸ ಅವಳ ಸ್ವಂತ ಹೆಸರಿನಲ್ಲಿರಬೇಕು ಮತ್ತು ಅದರಲ್ಲಿ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಅವಳಿಗಿರಬೇಕು. ಈ ಎರಡೂ ಇಲ್ಲದ ಕಡೆ ಸೇವೆಯೆಂಬುದು ಬಿಟ್ಟಿ ದುಡಿಮೆಯಾಗುತ್ತದೆ, ಸೈನ್ಯಗಳ ಇತಿಹಾಸದಲ್ಲಿ ಹಾಗೆ ಆಗಿದ್ದೇ ಹೆಚ್ಚು. ಇಲ್ಲಿ ನಾನು ಹೆಚ್ಚಾಗಿ ಪತ್ನಿಯರ ಬಗ್ಗೆಯೇ ಮಾತನಾಡುತ್ತೇನೆ, ಏಕೆಂದರೆ ನಮಗೆ ಸಿಗುವ ದಾಖಲೆಗಳು ಬಹುಮಟ್ಟಿಗೆ ಅವರವೇ. ಸೈನ್ಯದಲ್ಲಿರುವ ಹೆಂಡತಿಯನ್ನು ಹಿಂಬಾಲಿಸಿ ಊರಿಂದೂರಿಗೆ ಹೋಗುವ ಗಂಡಂದಿರ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಈ ಬದುಕಿನ ಕಟ್ಟುಪಾಡುಗಳನ್ನು ನೋಡೋಣ. ಸದಸ್ಯರಿಂದ ಸಂಪೂರ್ಣ ನಿಷ್ಠೆಯನ್ನು ಬೇಡುವ, ಎಷ್ಟು ಕೊಟ್ಟರೂ ಸಾಲದೆನ್ನುವ ಸಂಸ್ಥೆಗಳನ್ನು ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ 1974ರಲ್ಲಿ ‘ದುರಾಸೆಯ ಸಂಸ್ಥೆಗಳು’ ಎಂದು ಕರೆದರು. 1986ರಲ್ಲಿ ಮೇಡಿ ವೆಕ್ಸ್ಲರ್ ಸೀಗಲ್ ಅವರು ಈ ವಿಚಾರವನ್ನು ಸೈನಿಕರ ಮನೆಗಳಿಗೆ ಅನ್ವಯಿಸಿ, ಸೈನ್ಯವೂ ಕುಟುಂಬವೂ ಎರಡೂ ಅಂತಹ ಸಂಸ್ಥೆಗಳೇ ಎಂದು ತೋರಿಸಿದರು. ಪ್ರಾಣಾಪಾಯ, ಮೇಲಿಂದ ಮೇಲೆ ಸ್ಥಳಾಂತರ, ದೀರ್ಘಕಾಲದ ಅಗಲಿಕೆ, ಪರದೇಶದ ವಾಸ, ಕುಟುಂಬದವರ ನಡವಳಿಕೆಯ ಮೇಲೂ ಇರುವ ಅಲಿಖಿತ ನಿಯಮಗಳು — ಇವುಗಳಲ್ಲಿ ಒಂದೊಂದನ್ನು ಬೇರೆ ವೃತ್ತಿಗಳಲ್ಲಿಯೂ ಕಾಣಬಹುದು. ಆದರೆ ಎಲ್ಲವೂ ಒಂದೇ ಮನೆಯ ಮೇಲೆ ಒಟ್ಟಾಗಿ ಬೀಳುವುದು ಸೈನ್ಯದಲ್ಲಿ ಎಂಬುದು ಅವರ ವಾದ. ಇಂದಿಗೂ ಈ ವಿವರಣೆಯಲ್ಲಿ ತೆಗೆದುಹಾಕುವಂಥದ್ದು ನನಗೆ ಏನೂ ಕಾಣುತ್ತಿಲ್ಲ. ಈ ಎರಡು ಸಂಸ್ಥೆಗಳ ನಡುವಿನ ಎಳೆದಾಟದಲ್ಲಿ ಸಾಮಾನ್ಯವಾಗಿ ಬಿಟ್ಟುಕೊಡಬೇಕಾಗಿ ಬರುವವಳು ಸಂಗಾತಿಯೇ. ಸೈನಿಕನಿಗೆ ಪ್ರತಿ ಹೊಸ ಊರಿನಲ್ಲಿ ಹುದ್ದೆ, ಸಮವಸ್ತ್ರ, ಮೇಜು, ಸಹೋದ್ಯೋಗಿಗಳು ಮೊದಲೇ ಸಿದ್ಧವಾಗಿರುತ್ತಾರೆ. ಅದೇ ದಿನ ಅದೇ ಊರಿಗೆ ಬಂದಿಳಿದ ಅವನ ಹೆಂಡತಿ ತನ್ನ ಪರಿಚಯವನ್ನೇ ಮೊದಲಿನಿಂದ ಕಟ್ಟಿಕೊಳ್ಳಬೇಕಾಗುತ್ತದೆ.

ಹಾಗೆಂದು ಅವಳಿಗೆ ಬಳಗವೇ ಇಲ್ಲವೆಂದಲ್ಲ. ಸೈನ್ಯದ ವಸತಿಯಲ್ಲಿ ಸಿದ್ಧ ಬಳಗವೊಂದು ಇದ್ದೇ ಇರುತ್ತದೆ, ಮತ್ತು ಕಷ್ಟಕಾಲದಲ್ಲಿ ಅದು ರಕ್ತಸಂಬಂಧಿಕರಿಗಿಂತ ಬೇಗ ಬಾಗಿಲಿಗೆ ಬರುತ್ತದೆ. ಅದರ ದೌರ್ಬಲ್ಯವಿರುವುದು ಬೇರೆಡೆ. ಆ ಬಳಗದಲ್ಲಿ ಅವಳ ಸ್ಥಾನ ಗಂಡನ ಯುನಿಟ್ ಮತ್ತು ದರ್ಜೆಯಿಂದ ನಿರ್ಧಾರವಾಗುತ್ತದೆ. ಅಧಿಕಾರಿಗಳ ಪತ್ನಿಯರು ಒಂದು ಕಡೆ, ಸಿಪಾಯಿಗಳ ಪತ್ನಿಯರು ಇನ್ನೊಂದು ಕಡೆ ಸೇರುವ ರೂಢಿ ಅನೇಕ ದೇಶಗಳ ಸೈನ್ಯಗಳಲ್ಲಿ ಬಹುಕಾಲ ನಡೆದುಬಂದಿದೆ. ಮನಸ್ಸಿನ ದುಗುಡವನ್ನು ಪಕ್ಕದ ಮನೆಯಲ್ಲಿ ತೋಡಿಕೊಂಡರೆ ಅದು ಗಂಡನ ಮೇಲಧಿಕಾರಿಯ ಮನೆಯವರೆಗೆ ಹೋಗಬಹುದೆಂಬ ಅಳುಕು ಇರುವಲ್ಲಿ ಒಡನಾಟ ಹೆಚ್ಚಿದ್ದರೂ ಆಪ್ತತೆ ಬೆಳೆಯುವುದಿಲ್ಲ. ಜನರ ನಡುವೆ ಇದ್ದೂ ಒಂಟಿಯಾಗಿರುವ ಆ ಸ್ಥಿತಿಯನ್ನು ಇಲ್ಲಿ ಕುಳಿತಿರುವ ಹಲವರು ಬಲ್ಲಿರಿ.

ಇತಿಹಾಸದತ್ತ ಸ್ವಲ್ಪ ಹೊರಳುತ್ತೇನೆ, ಏಕೆಂದರೆ ಇಂದಿನ ಅನೇಕ ಗೊಂದಲಗಳ ಬೇರು ಅಲ್ಲಿದೆ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಬ್ರಿಟಿಷ್ ಸೈನ್ಯದಲ್ಲಿ ಸಾಮಾನ್ಯ ಸೈನಿಕನು ಮದುವೆಯಾಗಲು ಮೇಲಧಿಕಾರಿಯ ಅನುಮತಿ ಬೇಕಿತ್ತು. ರೆಜಿಮೆಂಟು ಸಮುದ್ರ ದಾಟಿ ಯುದ್ಧಕ್ಕೆ ಹೊರಟಾಗ ನೂರು ಮಂದಿ ಸೈನಿಕರಿಗೆ ಸುಮಾರು ಆರು ಪತ್ನಿಯರು ಮಾತ್ರ ಜೊತೆಯಲ್ಲಿ ಹೋಗಬಹುದಿತ್ತು. ಆ ಆರು ಮಂದಿ ಯಾರೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಹಲವು ಬಾರಿ ಹಡಗು ಹೊರಡುವ ಸಮಯ ತೀರ ಹತ್ತಿರವಾದಾಗಲೇ ಈ ಚೀಟಿ ಎತ್ತುವ ಕೆಲಸ ನಡೆಯುತ್ತಿತ್ತು. ಹೋಗುವ ಚೀಟಿ ಬಂದವಳಿಗೆ ಸೈನಿಕನ ಪಡಿತರದ ಅರ್ಧದಷ್ಟು ದೊರೆಯುತ್ತಿತ್ತು, ಮಕ್ಕಳಿಗೆ ಇನ್ನೂ ಕಡಿಮೆ. ಅದಕ್ಕೆ ಪ್ರತಿಯಾಗಿ ಅವಳು ಬಟ್ಟೆ ಒಗೆಯಬೇಕು, ಹೊಲಿಯಬೇಕು, ಗಾಯಾಳುಗಳನ್ನು ನೋಡಿಕೊಳ್ಳಬೇಕು. ಗಂಡ ಸತ್ತರೆ ಪಡಿತರದ ಆಸರೆ ತಪ್ಪಿಹೋಗುತ್ತಿದ್ದುದರಿಂದ ಎಷ್ಟೋ ಮಂದಿ ಅದೇ ರೆಜಿಮೆಂಟಿನ ಇನ್ನೊಬ್ಬನನ್ನು ಬಹಳ ಬೇಗ ಮದುವೆಯಾಗುತ್ತಿದ್ದರು. ಹೋಗದಿರುವ ಚೀಟಿ ಬಂದವಳ ಪಾಡು ಇನ್ನೂ ಕಷ್ಟದ್ದು: ಮಕ್ಕಳನ್ನು ಕಟ್ಟಿಕೊಂಡು ಬಂದರಿನಿಂದ ತವರೂರಿಗೆ ಮರಳಬೇಕು, ಅಲ್ಲಿನವರ ದಯೆಯ ಮೇಲೆ ಬದುಕಬೇಕು.

ಈ ವಿವರಗಳನ್ನು ನಾನು ಮರುಕ ಹುಟ್ಟಿಸಲೆಂದು ಹೇಳುತ್ತಿಲ್ಲ. ಆ ಹೆಂಗಸರ ದುಡಿಮೆಯಿಲ್ಲದೆ ಅಂದಿನ ಸೈನ್ಯಗಳು ನಡೆಯುವುದು ಕಷ್ಟವಿತ್ತು. ಅರ್ಧ ಪಡಿತರವಾದರೂ ಸರಿಯೇ, ಆ ದುಡಿಮೆಗೊಂದು ಲೆಕ್ಕವಿತ್ತು. ಮುಂದೆ ಒಗೆತ, ಆಸ್ಪತ್ರೆ, ಅಡುಗೆಗಳನ್ನು ಸೈನ್ಯವೇ ತನ್ನ ಇಲಾಖೆಗಳ ಮೂಲಕ ನಡೆಸತೊಡಗಿದಾಗ ಪತ್ನಿಯ ಪಾಲಿಗೆ ಉಳಿದದ್ದು ಲೆಕ್ಕಕ್ಕೆ ಸಿಗದ ಕೆಲಸ. ಅತಿಥಿಗಳನ್ನು ಸತ್ಕರಿಸುವುದು, ಹೊಸಬರನ್ನು ಬರಮಾಡಿಕೊಳ್ಳುವುದು, ಸಾವಿನ ಮನೆಗೆ ಮೊದಲು ಹೋಗುವುದು, ಕಿರಿಯ ಸೈನಿಕರ ಹೆಂಡತಿಯರ ಕಷ್ಟಸುಖ ವಿಚಾರಿಸುವುದು, ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಇವನ್ನು ಹೆಂಡತಿ ಮಾಡಿದರೆ ಅದರ ಅಂಕ ಸೇರುತ್ತಿದ್ದುದು ಗಂಡನ ಸೇವಾ ದಾಖಲೆಗೆ. ಅಮೆರಿಕದಲ್ಲಿ 1980ರ ದಶಕದ ಕೊನೆಯವರೆಗೂ ಹಿರಿಯ ಅಧಿಕಾರಿಗಳ ಪತ್ನಿಯರು ಹೊರಗಿನ ನೌಕರಿ ಬಿಟ್ಟು ನೆಲೆಯ ಚಟುವಟಿಕೆಗಳಿಗೆ ಸಮಯ ಕೊಡಬೇಕೆಂಬ ಒತ್ತಡವಿತ್ತು. ಅದರ ವಿರುದ್ಧ ಕೆಲವು ಪತ್ನಿಯರು ಬಹಿರಂಗವಾಗಿ ದೂರಿದ ಮೇಲೆ, ಸಂಗಾತಿಯ ಉದ್ಯೋಗದ ಹಕ್ಕಿನಲ್ಲಿ ಯಾವ ಕಮಾಂಡರನೂ ಕೈಹಾಕಬಾರದೆಂದು ರಕ್ಷಣಾ ಇಲಾಖೆ ಲಿಖಿತವಾಗಿ ಸ್ಪಷ್ಟಪಡಿಸಬೇಕಾಯಿತು. ಇದು ಅಜ್ಜಿಯರ ಕಾಲದ ಕಥೆಯೇನಲ್ಲ. ಅಂದು ದೂರಿದವರಲ್ಲಿ ಕೆಲವರು ಇಂದೂ ನಮ್ಮೊಡನೆ ಇರಬಹುದಾದಷ್ಟು ಹತ್ತಿರದ ಸಂಗತಿ.

ಈಗ ನಾನು ಬಹುವಾಗಿ ಗೌರವಿಸುವ ಒಂದು ಗುಂಪಿನ ಬಗ್ಗೆ ಹೇಳುತ್ತೇನೆ. ಅಮೆರಿಕದ ನೌಕಾಪಡೆಯ ವಿಮಾನ ಚಾಲಕ ಜೇಮ್ಸ್ ಸ್ಟಾಕ್‌ಡೇಲ್ ಅವರ ವಿಮಾನವನ್ನು 1965ರ ಸೆಪ್ಟೆಂಬರಿನಲ್ಲಿ ಉತ್ತರ ವಿಯೆಟ್ನಾಂನಲ್ಲಿ ಹೊಡೆದುರುಳಿಸಲಾಯಿತು, ಅವರು ಸೆರೆಸಿಕ್ಕರು. ಪತ್ನಿ ಸಿಬಿಲ್ ಸ್ಟಾಕ್‌ಡೇಲ್ ಅವರಿಗೆ ನಾಲ್ವರು ಗಂಡುಮಕ್ಕಳು. ಗಂಡನ ವಿಷಯವನ್ನು ಯಾರೊಡನೆಯೂ ಮಾತನಾಡಬಾರದು, ಮೌನವಾಗಿದ್ದರೆ ಸೆರೆಯಾಳುಗಳಿಗೇ ಒಳ್ಳೆಯದು ಎಂಬುದು ಆ ಕಾಲದ ಸರ್ಕಾರದ ಸೂಚನೆಯಾಗಿತ್ತು. ಇದರ ಪರಿಣಾಮವನ್ನು ಊಹಿಸಿಕೊಳ್ಳಿ. ಒಂದೇ ಊರಿನಲ್ಲಿ ಒಂದೇ ಬಗೆಯ ಸಂಕಟದಲ್ಲಿರುವ ಹಲವು ಹೆಂಗಸರು, ಪರಸ್ಪರರಿಗೆ ಹೇಳಿಕೊಳ್ಳಬಾರದೆಂಬ ಕಟ್ಟಳೆಗೆ ಒಳಗಾಗಿ, ತಮ್ಮ ತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಕುಳಿತಿದ್ದರು. ಹೆಂಗಸರಿಗೆ ಸ್ವಂತ ಹೆಸರಿನಲ್ಲಿ ಸಾಲ ನಿರಾಕರಿಸುವುದನ್ನು ಅಮೆರಿಕದ ಕಾನೂನು ನಿಷೇಧಿಸಿದ್ದು 1974ರಲ್ಲಿ. ಹೀಗಾಗಿ ಇವರ ಗೋಳಿನ ಜೊತೆಗೆ ಗಂಡನ ಸಹಿಯಿಲ್ಲದೆ ಮುಂದೆ ಸಾಗದ ನೂರು ವ್ಯವಹಾರಗಳೂ ಸೇರಿದ್ದವು.

ಸಿಬಿಲ್ ಅವರು ಸ್ಯಾನ್ ಡಿಯಾಗೊ ಪ್ರದೇಶದ ಇಂತಹ ಪತ್ನಿಯರನ್ನು ತಮ್ಮ ಮನೆಗೆ ಊಟಕ್ಕೆ ಕರೆದರು. ಮೊದಮೊದಲು ಅದು ಕಷ್ಟ ಹಂಚಿಕೊಳ್ಳುವ ಕೂಟವಷ್ಟೇ. ಆದರೆ ಬೇಗನೆ ಅದು ಕೆಲಸದ ಕೂಟವಾಯಿತು: ಪತ್ರಗಳನ್ನು ಬರೆಯುವುದು, ದೊರೆತ ಸುದ್ದಿಗಳನ್ನು ಹೋಲಿಸಿ ನೋಡುವುದು, ಇಲಾಖೆಗಳಿಂದ ಉತ್ತರ ಕೇಳುವುದು. 1968ರ ಅಕ್ಟೋಬರಿನಲ್ಲಿ ಅವರು ಮೌನದ ಸೂಚನೆಯನ್ನು ಮುರಿದು ತಮ್ಮ ಗಂಡನಿಗಾಗುತ್ತಿರುವ ಕ್ರೂರ ನಡವಳಿಕೆಯನ್ನು ಪತ್ರಿಕೆಗೆ ತಿಳಿಸಿದರು. 1969ರ ಮೇ ತಿಂಗಳಲ್ಲಿ ರಕ್ಷಣಾ ಕಾರ್ಯದರ್ಶಿ ಮೆಲ್ವಿನ್ ಲೈರ್ಡ್ ಸೆರೆಯಾಳುಗಳ ವಿಷಯವನ್ನು ಬಹಿರಂಗವಾಗಿ ಎತ್ತಿದರು. ಸರ್ಕಾರದ ನೀತಿಯೇ ಬದಲಾಯಿತು. ಅದೇ ವರ್ಷ ಸಿಬಿಲ್ ಮತ್ತು ಕೆಲವರು ಪ್ಯಾರಿಸ್ಸಿಗೆ ಹೋಗಿ ಉತ್ತರ ವಿಯೆಟ್ನಾಂನ ಪ್ರತಿನಿಧಿಗಳನ್ನು ಎದುರಾಗಿ ಭೇಟಿಯಾದರು. 1970ರಲ್ಲಿ ಈ ಕುಟುಂಬಗಳ ರಾಷ್ಟ್ರೀಯ ಸಂಘ ರೂಪುಗೊಂಡಿತು. 1971ರಲ್ಲಿ ಅದೇ ಸಂಘದ ಮೇರಿ ಹಾಫ್, ಕಾಣೆಯಾದ ನೌಕಾಪಡೆಯ ಚಾಲಕನೊಬ್ಬನ ಪತ್ನಿ, ಕಾಣೆಯಾದವರ ನೆನಪಿಗೆ ಒಂದು ಧ್ವಜವೇಕಿರಬಾರದು ಎಂದು ಧ್ವಜ ತಯಾರಕರನ್ನು ಕೇಳಿದರು. ಹಾಗೆ ಹುಟ್ಟಿದ ಕಪ್ಪು ಬಿಳುಪಿನ ಧ್ವಜ ಇಂದು ಅಮೆರಿಕದ ಸರ್ಕಾರಿ ಕಟ್ಟಡಗಳ ಮೇಲೆ ಹಾರುತ್ತದೆ. 1973ರಲ್ಲಿ 591 ಮಂದಿ ಸೆರೆಯಾಳುಗಳು ಮನೆಗೆ ಮರಳಿದರು, ಅವರಲ್ಲಿ ಜೇಮ್ಸ್ ಸ್ಟಾಕ್‌ಡೇಲ್ ಕೂಡ ಇದ್ದರು. 1969ರ ಕೊನೆಯಿಂದ ಸೆರೆಯಲ್ಲಿನ ಹಿಂಸೆ ಕಡಿಮೆಯಾಯಿತೆಂದು ಮರಳಿದವರು ಹೇಳಿದ್ದಾರೆ. ಉತ್ತರ ವಿಯೆಟ್ನಾಂನ ನಾಯಕ ಹೋ ಚಿ ಮಿನ್ ಅವರ ನಿಧನವೂ ಅದಕ್ಕೊಂದು ಕಾರಣವಿರಬಹುದು. ಆದರೆ ಪತ್ನಿಯರು ಎಬ್ಬಿಸಿದ ಜಾಗತಿಕ ಗಮನವನ್ನು ಬಿಟ್ಟು ಆ ಬದಲಾವಣೆಯನ್ನು ವಿವರಿಸಲು ಬರುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಈ ಗುಂಪಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಪ್ರಸಿದ್ಧಿಗಿಂತ ಅವರು ನಡೆದ ಕ್ರಮ. ಅವರು ತಮ್ಮ ಬದುಕಿನ ಅರ್ಥವೇನೆಂದು ಚರ್ಚಿಸಲು ಸೇರಿರಲಿಲ್ಲ. ಊಟಕ್ಕೆ ಸೇರಿದರು, ಮಾತನಾಡಿದರು, ಮಾಡಲೇಬೇಕಾದ ಕೆಲಸವೊಂದು ಕಣ್ಣಿಗೆ ಬಿತ್ತು, ಅದನ್ನು ಹಂಚಿಕೊಂಡರು. ಆ ಕೆಲಸವನ್ನು ಅವರಿಗೆ ಯಾವ ಕಮಾಂಡರನೂ ವಹಿಸಿರಲಿಲ್ಲ. ವಾಸ್ತವದಲ್ಲಿ ಅದು ಮೇಲಿನವರ ಸೂಚನೆಗೆ ವಿರುದ್ಧವಾಗಿತ್ತು. ಆದ್ದರಿಂದಲೇ ಅದು ಸಂಪೂರ್ಣವಾಗಿ ಅವರದಾಗಿತ್ತು.

ಇದೇ ಕುಟುಂಬಗಳ ನಡುವೆ 1970ರ ದಶಕದಲ್ಲಿ ಅಧ್ಯಯನ ನಡೆಸಿದ ಪಾಲಿನ್ ಬಾಸ್ ಅವರು, ಸತ್ತನೆಂದು ಅಳಲೂ ಆಗದ, ಬದುಕಿರುವನೆಂದು ನೆಮ್ಮದಿಯಿಂದಿರಲೂ ಆಗದ ಸ್ಥಿತಿಗೆ ‘ಅಸ್ಪಷ್ಟ ನಷ್ಟ’ ಎಂಬ ಹೆಸರು ಕೊಟ್ಟರು. ಮನುಷ್ಯ ಎದುರಿಗಿಲ್ಲ, ಮನಸ್ಸಿನಲ್ಲಿ ಮಾತ್ರ ಇಡಿಯಾಗಿ ಇದ್ದಾನೆ. ಕಾಣೆಯಾದವರ ಮನೆಗಳಲ್ಲಿ ಕಂಡ ಈ ನೋವಿನ ಸೌಮ್ಯವಾದ ರೂಪ, ಗಂಡ ಸುರಕ್ಷಿತವಾಗಿಯೇ ದೂರದ ನೆಲೆಯಲ್ಲಿರುವ ಮನೆಗಳಲ್ಲಿಯೂ ಇದೆ. ಇಂತಹ ಸ್ಥಿತಿಗೆ ಆತುರದ ಮುಕ್ತಾಯವನ್ನು ಹೇರಬಾರದು, ಎರಡು ವಿರುದ್ಧ ಭಾವಗಳನ್ನು ಒಟ್ಟಿಗೆ ಹೊತ್ತು ನಡೆಯಲು ಕಲಿಯಬೇಕು ಎಂದು ಬಾಸ್ ಹೇಳುತ್ತಾರೆ. ‘ಧೈರ್ಯವಾಗಿರಿ, ಅಷ್ಟೊಂದು ಯೋಚಿಸಬೇಡಿ’ ಎಂದು ಸಮಾಧಾನ ಹೇಳುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ನನ್ನ ಕಳಕಳಿಯ ವಿನಂತಿ. ಕಾಯುವ ನೋವನ್ನು ಒಪ್ಪಿಕೊಂಡೇ ಕೆಲಸ ಮಾಡಬಹುದು. ನೋವು ಕಳೆಯಲೆಂದು ಕಾಯ್ದು ಆಮೇಲೆ ಬದುಕು ಆರಂಭಿಸುವುದು ಸಾಧ್ಯವಿಲ್ಲ.

ಅಧಿಕಾರವಿರುವ ಪಾತ್ರ ಹೇಗಿರಬೇಕೆಂಬುದಕ್ಕೆ ಇನ್ನೂ ಕೆಲವು ನಿದರ್ಶನಗಳಿವೆ. 1969ರಲ್ಲಿ ಅಮೆರಿಕದ ಕೆಲವು ಸೈನಿಕ ಪತ್ನಿಯರು ವಿಧವೆಯರ ಆರ್ಥಿಕ ಭದ್ರತೆಗಾಗಿಯೇ ಒಂದು ಸಂಘ ಕಟ್ಟಿದರು. ನಿವೃತ್ತ ಸೈನಿಕ ಸತ್ತೊಡನೆ ಅವನ ಪಿಂಚಣಿಯೂ ನಿಂತು ಪತ್ನಿ ಬರಿಗೈಯಾಗುವ ಸ್ಥಿತಿಯ ವಿರುದ್ಧ ಅವರು ಹೋರಾಡಿದರು, ಮತ್ತು 1972ರಲ್ಲಿ ಮೃತನ ಪತ್ನಿ ಮಕ್ಕಳಿಗೆ ಪಿಂಚಣಿಯ ಪಾಲು ಸಿಗುವ ಯೋಜನೆ ಜಾರಿಗೆ ಬಂತು. 1970ರಲ್ಲಿ ಅಡ್ಮಿರಲ್ ಎಲ್ಮೊ ಜುಮ್‌ವಾಲ್ಟ್ ಅವರು ಅಲ್ಲಿನ ನೌಕಾಪಡೆಯಲ್ಲಿ ಒಂಬುಡ್ಸ್‌ಮನ್ ವ್ಯವಸ್ಥೆಯನ್ನು ತಂದರು. ಇದರಲ್ಲಿ ನೌಕರನ ಸಂಗಾತಿಯೊಬ್ಬರನ್ನು ಕಮಾಂಡಿಂಗ್ ಆಫೀಸರ್ ಲಿಖಿತವಾಗಿ ನೇಮಿಸುತ್ತಾರೆ. ಅವರಿಗೆ ತರಬೇತಿ ಇರುತ್ತದೆ, ಕೇಳಿದ ವಿಷಯವನ್ನು ಗುಟ್ಟಾಗಿಡುವ ನಿಯಮವಿರುತ್ತದೆ, ಕಮಾಂಡರನನ್ನು ನೇರವಾಗಿ ಕಂಡು ಮಾತನಾಡುವ ಹಕ್ಕಿರುತ್ತದೆ. ಕೆಲಸ ಸ್ವಯಂಸೇವೆಯದೇ. ಆದರೂ ಅದಕ್ಕೆ ನೇಮಕಾತಿ ಪತ್ರವಿದೆ, ಹೊಣೆಯ ಎಲ್ಲೆಗಳಿವೆ, ಮತ್ತು ಗಂಡನ ದರ್ಜೆ ಏನೇ ಇರಲಿ ಆ ಹುದ್ದೆಯ ಮಾತಿಗೆ ತೂಕವಿದೆ. ಕೆನಡಾದಲ್ಲಿ 1991ರಲ್ಲಿ ಆರಂಭವಾದ ಕುಟುಂಬ ಸೇವಾ ಯೋಜನೆಯ ಕೇಂದ್ರಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನಗಳನ್ನು ಸೈನಿಕರ ನಾಗರಿಕ ಸಂಗಾತಿಗಳಿಗೇ ಇಟ್ಟವು.

ಭಾರತದಲ್ಲಿ 1966ರಿಂದ ಇರುವ ಸೇನಾ ಪತ್ನಿಯರ ಕಲ್ಯಾಣ ಸಂಘ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಆಸರೆಯಾಗಿ ನಿಂತಿದೆ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಆಶಾ ಶಾಲೆಗಳನ್ನು ನಡೆಸುತ್ತದೆ. ಆ ಸೇವೆಯ ವ್ಯಾಪ್ತಿಯ ಬಗ್ಗೆ ನನಗೆ ಆದರವಿದೆ. ಆದರೆ ಅಲ್ಲಿ ಅಧ್ಯಕ್ಷತೆ ಸೇನಾ ಮುಖ್ಯಸ್ಥರ ಪತ್ನಿಗೆ ಸಲ್ಲುತ್ತದೆ, ಕೆಳಗಿನ ಹಂತಗಳಲ್ಲಿ ಆಯಾ ಕಮಾಂಡರರ ಪತ್ನಿಯರಿಗೆ. ಗಂಡನ ಹುದ್ದೆಯೊಂದಿಗೆ ಬರುವ ಜವಾಬ್ದಾರಿ ಗಂಡನ ಹುದ್ದೆಯೊಂದಿಗೇ ಹೋಗುತ್ತದೆ; ಕೆಲಸದಲ್ಲಿ ನುರಿತ ಸಿಪಾಯಿಯ ಪತ್ನಿಗೆ ಮುಂದಿನ ಸಾಲಿಗೆ ಬರುವ ದಾರಿ ಕಿರಿದಾಗುತ್ತದೆ. ಅನೇಕ ದೇಶಗಳ ಇಂತಹ ಸಂಘಗಳು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗಿದೆ.

ಹಾಗಾದರೆ ಯಾರಾದರೂ ಸೇವೆಯೊಂದಕ್ಕೆ ಕರೆದಾಗ ಸಂಗಾತಿ ಏನು ಕೇಳಿಕೊಳ್ಳಬೇಕು? ಗಂಡನ ದರ್ಜೆ ನಾಳೆ ಬದಲಾದರೂ ಈ ಕೆಲಸ ನನ್ನದಾಗಿಯೇ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು. ನಾನು ಮಾಡಿದ್ದನ್ನು ನನ್ನ ಹೆಸರಿನ ಪತ್ರವೊಂದರಲ್ಲಿ ಬರೆದುಕೊಡುತ್ತಾರೆಯೇ ಎಂದು ಕೇಳಬೇಕು. ಮುಂದೆ ನೌಕರಿಗೆ ಅರ್ಜಿ ಹಾಕುವಾಗ ಲೆಕ್ಕಪತ್ರ ನೋಡಿಕೊಂಡದ್ದು, ಕಾರ್ಯಕ್ರಮ ನಡೆಸಿದ್ದು, ಹತ್ತಾರು ಕುಟುಂಬಗಳಿಗೆ ಮಾಹಿತಿ ತಲುಪಿಸಿದ್ದು ಎಲ್ಲವೂ ಅನುಭವವೇ. ಬೇಡವೆಂದರೆ ಗಂಡನಿಗೆ ತೊಂದರೆಯಾಗುವುದೇ ಎಂಬ ಮೂರನೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ, ಅದನ್ನು ಸೇವೆಯೆಂದು ಕರೆಯುವುದನ್ನು ನಾನಂತೂ ಒಪ್ಪುವುದಿಲ್ಲ.

ಸಂಬಳದ ಕೆಲಸದ ಮಾತಿಗೆ ಬರೋಣ. ಗುರಿ, ಅರ್ಥ ಎಂದು ಮಾತನಾಡುವವರು ಹಣದ ವಿಷಯವನ್ನು ಹಗುರಾಗಿ ದಾಟಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಸ್ವಂತ ಆದಾಯವಿಲ್ಲದವಳು ಗಂಡನಿಗೆ ಏನಾದರೂ ಆದರೆ ಮಾತ್ರ ಅಸಹಾಯಕಳಾಗುತ್ತಾಳೆಂದಲ್ಲ, ಎಲ್ಲವೂ ಸರಿಯಿದ್ದಾಗಲೂ ತನ್ನ ಬಗ್ಗೆ ತಾನು ನಿರ್ಧರಿಸುವ ಶಕ್ತಿಯನ್ನು ದಿನದಿನಕ್ಕೆ ಕಳೆದುಕೊಳ್ಳುತ್ತಾಳೆ. ಅಮೆರಿಕದಲ್ಲಿ ನಡೆದ ಸರ್ಕಾರಿ ಸಮೀಕ್ಷೆಗಳಲ್ಲಿ, ಕೆಲಸ ಮಾಡಲು ಸಿದ್ಧರಿರುವ ಸೈನಿಕ ಸಂಗಾತಿಗಳ ಪೈಕಿ ನಿರುದ್ಯೋಗದ ಪ್ರಮಾಣ ವರ್ಷಗಟ್ಟಲೆ ಐದರಲ್ಲಿ ಒಂದರ ಆಸುಪಾಸಿನಲ್ಲೇ ನಿಂತಿದೆ. ದುಡಿಯುವ ಸಂಗಾತಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಶಿಕ್ಷಕಿ, ನರ್ಸ್ ಮುಂತಾದ, ಲೈಸೆನ್ಸ್ ಅಥವಾ ಪ್ರಮಾಣಪತ್ರ ಬೇಕಾಗುವ ವೃತ್ತಿಗಳಲ್ಲಿದ್ದಾರೆ. ಅಲ್ಲಿ ಒಂದು ರಾಜ್ಯದ ಲೈಸೆನ್ಸ್ ಇನ್ನೊಂದು ರಾಜ್ಯದಲ್ಲಿ ಸಲ್ಲುತ್ತಿರಲಿಲ್ಲ. ಪರೀಕ್ಷೆ, ಶುಲ್ಕ, ಕಾಯುವಿಕೆ ಎಲ್ಲ ಮುಗಿದು ಕೆಲಸಕ್ಕೆ ಸೇರುವ ಹೊತ್ತಿಗೆ ಮುಂದಿನ ವರ್ಗಾವಣೆ ಎದುರಿಗಿರುತ್ತಿತ್ತು. 2009ರ ಕಾನೂನೊಂದು ತೆರಿಗೆ ಮತ್ತು ಮತದಾನಕ್ಕಾಗಿ ಮೂಲ ರಾಜ್ಯದ ನಿವಾಸವನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂಗಾತಿಗೆ ಕೊಟ್ಟಿತು. 2023ರ ಜನವರಿಯಲ್ಲಿ ಬಂದ ತಿದ್ದುಪಡಿ, ಸೈನ್ಯದ ಆದೇಶದ ಮೇರೆಗೆ ಊರು ಬದಲಿಸಿದವರ ವೃತ್ತಿ ಲೈಸೆನ್ಸನ್ನು ಹೊಸ ರಾಜ್ಯವೂ ಕೆಲವು ಷರತ್ತುಗಳೊಂದಿಗೆ ಮಾನ್ಯ ಮಾಡಬೇಕೆಂದಿತು. ಈ ಬದಲಾವಣೆಗಳ ಹಿಂದೆ ದಶಕಗಳ ಕಾಲ ಅರ್ಜಿ ಹಿಡಿದು ಶಾಸಕರ ಬಾಗಿಲಿಗೆ ಅಲೆದ ಸಂಗಾತಿಗಳಿದ್ದಾರೆ. ತಮ್ಮ ಕೆಲಸ ಕಳೆದುಕೊಂಡ ಸಂಕಟವೇ ಅವರಿಗೆ ಕೆಲಸವಾಯಿತು, ಆ ಕೆಲಸವೇ ಅವರನ್ನು ಒಂದುಗೂಡಿಸಿತು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಲಾಗದ ಕಿರಿಯ ಸಂಗಾತಿಗಳಿಗೆ ನಾನು ಹೇಳುವುದಿಷ್ಟು. ಓದಿನ ಮೂಲ ಪ್ರಮಾಣಪತ್ರಗಳು, ಅನುಭವದ ಪತ್ರಗಳು, ತರಬೇತಿಯ ದಾಖಲೆಗಳು ಮನೆಸಾಮಾನಿನ ಪೆಟ್ಟಿಗೆಗಳ ಜೊತೆ ಲಾರಿಯಲ್ಲಿ ಹೋಗಬಾರದು, ನಿಮ್ಮ ಕೈಯಲ್ಲಿಯೇ ಇರಬೇಕು. ಮುಂದಿನ ಊರು ಯಾವುದೆಂದು ತಿಳಿದ ದಿನವೇ ಅಲ್ಲಿನ ಲೈಸೆನ್ಸ್ ನಿಯಮಗಳನ್ನು ವಿಚಾರಿಸಬೇಕು, ಸಾಮಾನು ಕಟ್ಟಿದ ಮೇಲಲ್ಲ. ವರ್ಗಾವಣೆಯ ಕಾರಣದಿಂದ ಉದ್ಯೋಗದಲ್ಲಿ ಬಿದ್ದ ಅಂತರವನ್ನು ಅರ್ಜಿಯಲ್ಲಿ ಮುಚ್ಚಿಡುವ ಅಗತ್ಯವಿಲ್ಲ. ಆ ಅವಧಿಯಲ್ಲಿ ಮಾಡಿದ ಕೆಲಸವನ್ನು ಅಲ್ಲಿಯೇ ತುಂಬಿ ಬರೆಯಬೇಕು. ಮನೆಯಿಂದಲೇ ದುಡಿಯುವ ಅವಕಾಶಗಳು ಹೆಚ್ಚಿರುವುದು ಈ ಬದುಕಿಗೆ ದೊಡ್ಡ ವರವೇ. ಆದರೆ ಊರು ಬದಲಾದರೂ ಪರದೆಯೆದುರಿನ ಕುರ್ಚಿ ಬದಲಾಗದ ಉದ್ಯೋಗ, ಆದಾಯ ಕೊಟ್ಟರೂ ನೆರೆಹೊರೆಯನ್ನು ಕೊಡುವುದಿಲ್ಲ. ಅದಕ್ಕೆ ಬೇರೆಯೇ ಪ್ರಯತ್ನ ಬೇಕು.

ಅಗಲಿಕೆ ಮತ್ತು ಮರಳುವಿಕೆಯ ಬಗ್ಗೆ ಎರಡು ಅಧ್ಯಯನಗಳನ್ನು ನೆನೆಯಬೇಕು. ಎರಡನೇ ಮಹಾಯುದ್ಧದ ಬಳಿಕ ರೂಬೆನ್ ಹಿಲ್ ಎಂಬ ವಿದ್ವಾಂಸರು ಐಯೊವಾ ರಾಜ್ಯದ 135 ಸೈನಿಕ ಕುಟುಂಬಗಳನ್ನು ಅಧ್ಯಯನ ಮಾಡಿ 1949ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಗಂಡನಿಲ್ಲದ ಕಾಲದಲ್ಲಿ ಅವನ ಹೊಣೆಗಳನ್ನು ಹಂಚಿಕೊಂಡರೂ ಮನೆಯಲ್ಲಿ ಅವನ ಜಾಗವನ್ನು ತೆರೆದಿಟ್ಟ ಕುಟುಂಬಗಳು, ಆ ಜಾಗವನ್ನು ಪೂರ್ತಿ ಮುಚ್ಚಿಕೊಂಡು ಚೆನ್ನಾಗಿಯೇ ನಡೆದ ಕುಟುಂಬಗಳಿಗಿಂತ ಅವನು ಮರಳಿದ ಮೇಲೆ ಸುಲಭವಾಗಿ ಹೊಂದಿಕೊಂಡವು. 1987ರಲ್ಲಿ ನೌಕಾಪಡೆಯ ಅಧಿಕಾರಿಯ ಪತ್ನಿಯಾಗಿದ್ದ ಕ್ಯಾಥ್ಲೀನ್ ಲೋಗನ್ ಅವರು ಹಡಗು ಹೊರಟು ಮರಳುವವರೆಗಿನ ಮನಸ್ಸಿನ ಏಳು ಹಂತಗಳನ್ನು ಬರೆದಿಟ್ಟರು. ಹೊರಡುವ ಮುಂಚಿನ ದಿನಗಳಲ್ಲಿ ಕಾರಣವಿಲ್ಲದೆ ಜಗಳವಾಗುವುದೇಕೆ ಎಂಬುದು ಅದರಲ್ಲಿದೆ: ಅಗಲಲೇಬೇಕಾದ ಇಬ್ಬರು ಅಗಲಿಕೆಯನ್ನು ಸಹಿಸಲೆಂದು ಮೊದಲೇ ದೂರವಾಗತೊಡಗುತ್ತಾರೆ. ಅವನು ಮರಳಿದ ಮೇಲೆ ಮದುವೆಯ ಒಪ್ಪಂದವನ್ನೇ ಹೊಸದಾಗಿ ಮಾತನಾಡಿಕೊಳ್ಳಬೇಕಾದ ಹಂತವೂ ಅದರಲ್ಲಿದೆ. ತಾವು ಬಾಳಿದ್ದನ್ನು ತಾವೇ ಬರೆದವರ ಮಾತು ಇದು. ಇದನ್ನು ಓದಿ ತಮ್ಮ ಮನೆಯಲ್ಲೇನೂ ವಿಚಿತ್ರ ನಡೆಯುತ್ತಿಲ್ಲವೆಂದು ಸಮಾಧಾನಪಟ್ಟ ಹೆಂಗಸರು ಎಷ್ಟೋ ಮಂದಿ ಇರಬೇಕು.

ನಮ್ಮ ವಿಷಯಕ್ಕೆ ಇದು ಹೀಗೆ ಸಂಬಂಧಿಸುತ್ತದೆ. ಗಂಡ ಇಲ್ಲದಾಗಿನ ಖಾಲಿ ಹೊತ್ತನ್ನು ತುಂಬಲೆಂದಷ್ಟೇ ಹಿಡಿದ ಕೆಲಸವನ್ನು ಅವನು ಬಂದ ವಾರವೇ ಬಿಡಬೇಕಾಗುತ್ತದೆ. ಆದ್ದರಿಂದ ಯಾವುದೇ ಹೊಣೆಯನ್ನು ಹೊರುವಾಗ, ಅವನಿರುವ ದಿನಗಳಲ್ಲಿಯೂ ವಾರಕ್ಕೆ ಇಷ್ಟು ಹೊತ್ತು ಇದಕ್ಕೆ ಕೊಡುತ್ತೇನೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ಮರಳಿದವನಿಗೂ ಇದರಿಂದ ಉಪಕಾರವಿದೆ. ತಾನಿಲ್ಲದಾಗ ಹೆಂಡತಿ ಬರಿದೇ ಕಾಯುತ್ತಿರಲಿಲ್ಲ, ಬದುಕುತ್ತಿದ್ದಳು ಎಂದು ತಿಳಿದವನ ಮನಸ್ಸಿನ ಹೊರೆ ಕಡಿಮೆಯಾಗುತ್ತದೆ.

ಬಳಗ ಕಟ್ಟುವ ಬಗೆಗೆ ಬ್ರಿಟನ್ನಿನ ಸೈನಿಕ ಪತ್ನಿಯರ ಗಾಯಕ ವೃಂದಗಳು ಒಳ್ಳೆಯ ನಿದರ್ಶನ. 2011ರಲ್ಲಿ ಗಂಡಂದಿರು ಅಫ್ಘಾನಿಸ್ತಾನದಲ್ಲಿದ್ದಾಗ ಡೆವನ್‌ನ ಚಿವನರ್ ನೆಲೆಯ ಪತ್ನಿಯರನ್ನು ಸಂಗೀತ ನಿರ್ದೇಶಕ ಗ್ಯಾರೆತ್ ಮಲೋನ್ ಹಾಡಲು ಸೇರಿಸಿದರು. ಪತ್ರಗಳ ಸಾಲುಗಳಿಂದ ಹೆಣೆದ ಅವರ ಹಾಡು ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದಕ್ಕೂ ಮೊದಲೇ ಕ್ಯಾಟರಿಕ್ ನೆಲೆಯಲ್ಲಿ ಪತ್ನಿಯರು ತಾವಾಗಿಯೇ ಇಂಥದೊಂದು ವೃಂದವನ್ನು ಆರಂಭಿಸಿದ್ದರು. ಹಾಡಿನ ಕೀರ್ತಿಗಿಂತ ನನಗೆ ಮುಖ್ಯವೆನಿಸುವುದು ಆ ಕೂಟದ ರಚನೆ. ವೃಂದದಲ್ಲಿ ನಿಲ್ಲುವ ಜಾಗವನ್ನು ದನಿ ನಿರ್ಧರಿಸುತ್ತದೆ, ಗಂಡನ ದರ್ಜೆ ನಿರ್ಧರಿಸುವುದಿಲ್ಲ. ಪ್ರತಿಯೊಬ್ಬರೂ ಅಭ್ಯಾಸಕ್ಕೆ ಬರಲೇಬೇಕು, ಬಾರದಿದ್ದರೆ ಇನ್ನೊಬ್ಬರ ಪಾಲು ಕೆಡುತ್ತದೆ. ಬೇರೆ ನೆಲೆಗೆ ವರ್ಗವಾದವಳು ಅಲ್ಲಿನ ವೃಂದದಲ್ಲಿ ಅದೇ ಹಾಡುಗಳನ್ನು ಹಿಡಿದು ಮೊದಲ ವಾರವೇ ಸೇರಿಕೊಳ್ಳಬಹುದು. ಹೊಸ ಊರಿನಲ್ಲಿ ಅವಳು ಅತಿಥಿಯಾಗಿ ಉಳಿಯುವುದಿಲ್ಲ.

ಹಾಡೇ ಆಗಬೇಕೆಂದಿಲ್ಲ. ಮಕ್ಕಳಿಗೆ ಪಾಠ ಹೇಳುವುದಾಗಲಿ, ಗ್ರಂಥಾಲಯ ನಡೆಸುವುದಾಗಲಿ, ಹೊಸ ಊರಿಗೆ ಬಂದವರಿಗೆ ಶಾಲೆ ಆಸ್ಪತ್ರೆಗಳ ವಿವರ ಒದಗಿಸುವುದಾಗಲಿ, ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವ ಸರದಿಯನ್ನು ಹಂಚುವುದಾಗಲಿ, ಯಾವುದನ್ನು ತೆಗೆದುಕೊಂಡರೂ ಪರಿಣಾಮ ಒಂದೇ ಬಗೆಯದು. ಹೊಸಬಳಿಗೆ ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವುದು ಸೌಜನ್ಯದ ಮಾತು. ‘ಗುರುವಾರ ಈ ಕೆಲಸಕ್ಕೆ ನೀವು ಬೇಕು, ಬರುತ್ತೀರಾ’ ಎನ್ನುವುದು ಬಳಗಕ್ಕೆ ಕರೆ. ನೆರವು ಕೇಳಲು ಹಿಂಜರಿಯುವವರೂ ನೆರವು ನೀಡಲು ಬರುತ್ತಾರೆ, ಬಂದವರು ಕೆಲಸದ ನಡುವೆ ತಮ್ಮ ಕಷ್ಟವನ್ನೂ ಹೇಳಿಕೊಳ್ಳುತ್ತಾರೆ. ಸಂಗಾತಿಗಳ ಸಂಘಟನೆ ನಡೆಸುವವರಿಗೆ ನಾನು ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆ ಇದೇ ಎಂದು ನಂಬಿದ್ದೇನೆ.

ಗಂಡಸರ ಮಾತಿಗೆ ಬರುತ್ತೇನೆಂದಿದ್ದೆ. ಅಮೆರಿಕದ ಸೈನಿಕ ಸಂಗಾತಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಗಂಡಸರು. ಹೆಂಗಸರಿಗೆಂದೇ ರೂಪುಗೊಂಡ ಚಹಾಕೂಟಗಳಲ್ಲಿ ಅವರಿಗೆ ಜಾಗ ಸಿಗುವುದಿಲ್ಲ, ಹೊರಗಿನ ಸಮಾಜದಲ್ಲಿ ‘ಹೆಂಡತಿಯ ಹಿಂದೆ ಹೋದವನು’ ಎಂಬ ಮಾತು ತಪ್ಪುವುದಿಲ್ಲ. ಕೂಟದ ಆಧಾರ ಕೆಲಸವಾಗಿದ್ದರೆ ಈ ಸಂಕೋಚ ತಾನಾಗಿ ಸಡಿಲವಾಗುತ್ತದೆ. ಇದೇ ಕಾರಣಕ್ಕೆ ನೆಲೆಯ ಗೇಟಿನಾಚೆಯ ಬಳಗವೂ ಒಂದಿರಬೇಕು: ಸೈನ್ಯದ ದರ್ಜೆಗಳ ಗೊಡವೆಯಿಲ್ಲದ, ನಿಮ್ಮನ್ನು ನಿಮ್ಮ ಕಸುಬಿನಿಂದಲೋ ಆಸಕ್ತಿಯಿಂದಲೋ ಗುರುತಿಸುವ ಹೊರಗಿನ ಸ್ನೇಹಗಳು, ಒಳಗೆ ಹೇಳಲಾಗದ್ದನ್ನು ಹೇಳಿಕೊಳ್ಳುವ ಜಾಗವೂ ಹೌದು.

ಮೇಲಿಂದ ಮೇಲೆ ಊರು ಬಿಡುವ ಬದುಕಿನಲ್ಲಿ ಕೆಲಸವನ್ನು ಹಸ್ತಾಂತರಿಸುವ ಕ್ರಮವೂ ಬಳಗದ ಭಾಗವೇ. ಸೈನ್ಯದಲ್ಲಿ ಪ್ರತಿ ಹುದ್ದೆಗೂ ಬಿಟ್ಟುಹೋಗುವವನು ಬರುವವನಿಗೆ ಕಾಗದಪತ್ರ ಒಪ್ಪಿಸುವ ಪದ್ಧತಿಯಿದೆ. ಸಂಗಾತಿಗಳು ಕಟ್ಟಿದ ಸಂಸ್ಥೆಗಳಲ್ಲಿ ಅದು ಅಪರೂಪ. ಉತ್ಸಾಹಿಯೊಬ್ಬಳು ಹೊರಟುಹೋದ ತಿಂಗಳಲ್ಲೇ ಅವಳು ಕಟ್ಟಿದ್ದೆಲ್ಲ ನಿಂತುಹೋಗುವುದನ್ನು ನಾನು ಹಲವು ಕಡೆ ಕಂಡಿದ್ದೇನೆ, ಪ್ರತಿ ಬಾರಿಯೂ ನೊಂದಿದ್ದೇನೆ. ಕೆಲಸ ಆರಂಭವಾದ ದಿನವೇ ಇಬ್ಬರಿಗೆ ಒಪ್ಪಿಸಬೇಕು, ಲೆಕ್ಕ ಮತ್ತು ವಿಳಾಸಗಳನ್ನು ಬರೆದಿಡಬೇಕು, ಹೊರಡುವ ಮುಂಚೆ ಹೊಸಬಳನ್ನು ಜೊತೆಯಲ್ಲಿ ಕರೆದುಕೊಂಡು ಎಲ್ಲ ಮನೆಗಳಿಗೂ ಪರಿಚಯಿಸಬೇಕು.

ಕೊನೆಯದಾಗಿ ನಿವೃತ್ತಿಯ ವಿಷಯ. ಸೈನಿಕನ ಸೇವೆ ಮುಗಿದಾಗ ವಸತಿ ಬಿಡಬೇಕಾಗುತ್ತದೆ, ಸಂಘದ ಸದಸ್ಯತ್ವ ಮುಗಿಯುತ್ತದೆ, ಯುನಿಟ್ಟಿನ ಸುದ್ದಿ ಬರುವುದು ನಿಲ್ಲುತ್ತದೆ. ನಿವೃತ್ತನಾದವನಿಗೆ ಮಾಜಿ ಸೈನಿಕನೆಂಬ ಹೆಸರು, ಪಿಂಚಣಿ, ಸಂಘಗಳು ಉಳಿಯುತ್ತವೆ. ಅವನೊಂದಿಗೆ ಅಷ್ಟೂ ವರ್ಷ ಅಲೆದವಳಿಗೆ ಅಂತಹ ಹೆಸರೇನೂ ಉಳಿಯುವುದಿಲ್ಲ. ಗಂಡ ಸೇವೆಯಲ್ಲಿದ್ದಾಗಲೇ ಮೃತಪಟ್ಟ ಮನೆಗಳಲ್ಲಿ ಇದು ಇನ್ನೂ ಕ್ರೂರವಾಗಿ, ದುಃಖದ ನಡುವೆಯೇ ನಡೆಯುತ್ತದೆ. ಸಂಗಾತಿಗಳ ಸಂಸ್ಥೆಗಳನ್ನು ನಡೆಸುವವರು ತಮ್ಮ ನಿಯಮಾವಳಿಯಲ್ಲಿ ಗಂಡನ ಸೇವೆಯೊಂದಿಗೆ ಸದಸ್ಯತ್ವವೂ ಮುಗಿಯುತ್ತದೆನ್ನುವ ಕಲಮನ್ನು ಮೊದಲು ತಿದ್ದಬೇಕೆಂದು ನಾನು ಒತ್ತಾಯಿಸುತ್ತೇನೆ. ಸೇವೆಯಲ್ಲಿರುವವರ ಪತ್ನಿಯರೇ ಆಗಿರಬೇಕೆಂದು ಪಟ್ಟುಹಿಡಿಯದೆ, ಸೈನ್ಯದೊಂದಿಗೆ ನಂಟಿರುವ ಹೆಂಗಸರಿಗೆ ಬಾಗಿಲು ತೆರೆದಿರುವ ಬ್ರಿಟನ್ನಿನ ಆ ಗಾಯಕ ವೃಂದಗಳ ಪದ್ಧತಿಯನ್ನು ಇದಕ್ಕೆ ಮಾದರಿಯಾಗಿ ತೆಗೆದುಕೊಳ್ಳಬಹುದು.